ಬೆಳುಗುಪ್ಪದ ಲೋಡು

ನನ್ನ ತಮ್ಮ ಆಂಜನೇಯನಿಗೆ ಮೂವತ್ತಾರು ತುಂಬಿದರೂ ಮದುವೆ ಯಾಕಾಗಲಿಲ್ಲ ಎಂದು ನಮ್ಮೂರು ರೊಳ್ಳದಲ್ಲಿ ಯಾರನ್ನು ಕೇಳಿದರೂ ಒಂದೊಂದು ಕಾರಣ ಹೇಳುತ್ತಿದ್ದರು. ಗ್ರಹಚಾರ ಸರಿಯಿಲ್ಲ ಎನ್ನುವವರು ಕೆಲವರು, ಹುಡುಗನ ಬಾಯಿ ಸರಿಯಿಲ್ಲ ಎನ್ನುವವರು ಕೆಲವರು. ಗ್ರಹಚಾರದ ಮಾತು ಶುದ್ಧ ಸುಳ್ಳು. ಬಾಯಿಯ ಮಾತು ಅರ್ಧ ನಿಜ. ಅಸಲು ಕಾರಣ ನನ್ನೊಬ್ಬಳಿಗೆ ಗೊತ್ತಿತ್ತು. ಅವನ ಗಾಡಿಗೆ ಲೋಡು ಮಾಡುವ ರೀತಿ ಸರಿಯಿರಲಿಲ್ಲ. ನಗಬೇಡಿ. ಪೂರ್ತಿ ಕೇಳಿ, ಆಮೇಲೆ ನಗುವಿರಂತೆ.

ನಾನು ತಿಪ್ಪಕ್ಕ. ರೊಳ್ಳದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಹೋಟೆಲು. ಬೆಳಗ್ಗೆ ಇಡ್ಲಿ ಪೂರಿ, ಮಧ್ಯಾಹ್ನ ಮುದ್ದೆ. ಅವ್ವ ತೀರಿಕೊಂಡಾಗ ಆಂಜನೇಯ ಇನ್ನೂ ಚಡ್ಡಿ ಹಾಕುವ ಹುಡುಗ, ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಹಾಗಾಗಿ ಅವನಿಗೆ ಅನ್ನ ಹಾಕುವವಳೂ ನಾನೇ, ಬೈಯುವವಳೂ ನಾನೇ. ಓದು ಅವನ ತಲೆಗೆ ಹತ್ತಲಿಲ್ಲ, ಸ್ಟೇರಿಂಗು ಕೈಗೆ ಹತ್ತಿತು. ಎಂಟು ವರ್ಷದಿಂದ ರಾಯದುರ್ಗದ ಉಜ್ಜಿನಪ್ಪನವರ ಹೋಲ್‌ಸೇಲ್ ಅಂಗಡಿಗೆ ಪಿಕಪ್ ಗಾಡಿ ಓಡಿಸುತ್ತಿದ್ದಾನೆ. ಪಾತ್ರೆ, ಪ್ಲಾಸ್ಟಿಕ್ ಸಾಮಾನು ಅವರ ವ್ಯಾಪಾರ.

ವಾರಕ್ಕೊಂದು ಸಲ ಅವನದು ಉದ್ದನೆಯ ಟ್ರಿಪ್ಪು. ಹಿಂದಿನ ಸಂಜೆ ರಾಯದುರ್ಗದ ಗೋಡೌನಿನಲ್ಲಿ ಲೋಡು. ಬೆಳಕು ಹರಿಯುವಾಗ ಹೊರಟರೆ ಮೊದಲು ಬೆಳುಗುಪ್ಪ, ಆಮೇಲೆ ಕಲ್ಯಾಣದುರ್ಗ, ಪಾವಗಡದ ಮೇಲೆ ಹಾದು ಮಡಕಶಿರಾ, ಕಡೆಗೆ ಅಗಳಿ. ಈಗ ನೀವೇ ಹೇಳಿ, ಮೊದಲು ಇಳಿಯಬೇಕಾದ ಬೆಳುಗುಪ್ಪದ ಸಾಮಾನು ಗಾಡಿಯಲ್ಲಿ ಎಲ್ಲಿರಬೇಕು? ಹಿಂಬಾಗಿಲ ಹತ್ತಿರ. ಅಂದರೆ ಅದನ್ನು ಎಲ್ಲಕ್ಕಿಂತ ಕಡೆಗೆ ಏರಿಸಬೇಕು. ಇಡ್ಲಿ ಬೇಯಿಸುವ ನನಗೇ ಇದು ತಿಳಿಯುತ್ತದೆ. ಉಜ್ಜಿನಪ್ಪನವರ ಗೋಡೌನಿನಲ್ಲಿ ಮಾತ್ರ ಬೆಳುಗುಪ್ಪದ್ದೇ ಮೊದಲು ಏರುತ್ತಿತ್ತು. ಕ್ಯಾಬಿನ್ನಿಗೆ ಅಂಟಿಕೊಂಡು ತಳದಲ್ಲಿ ಬೆಳುಗುಪ್ಪದ ಕೊಳಗ, ಹಂಡೆಯಂಥ ದೊಡ್ಡ ಪಾತ್ರೆಗಳು. ಅದರ ಮುಂದೆ, ಅದರ ಮೇಲೆ ಮಿಕ್ಕವರ ಡ್ರಮ್ಮು, ಬಕೆಟ್ಟು, ಸ್ಟೂಲು. ಎಲ್ಲದರ ನೆತ್ತಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ, ತಾಡಪಾಲು, ಹಗ್ಗ. ಬೆಳುಗುಪ್ಪದ ಬಜಾರಿನಲ್ಲಿ ಪ್ರತಿ ವಾರ ನನ್ನ ತಮ್ಮ ಇಡೀ ಗಾಡಿ ಖಾಲಿ ಮಾಡಿ, ತಳದ ಕೊಳಗ ತೆಗೆದುಕೊಟ್ಟು, ಮತ್ತೆ ಇಡೀ ಗಾಡಿ ತುಂಬಬೇಕು. ಅಲ್ಲಿಗೆ ಹೊತ್ತು ನೆತ್ತಿಗೆ ಬರುತ್ತಿತ್ತು.

ಗೋಡೌನಿನ ಹಮಾಲಿ ಮೇಸ್ತ್ರಿ ಯರ್ರಪ್ಪನ ಹತ್ತಿರ ಇವನು ಎಷ್ಟು ಸಲ ಜಗಳ ಆಡಿದ್ದಾನೋ ಲೆಕ್ಕವಿಲ್ಲ. ಏರಿಸೋದು ನಮ್ಮ ಕೆಲಸ, ಇಳಿಸೋದು ನಿಮ್ಮ ಕೆಲಸ ಎಂದು ಯರ್ರಪ್ಪ ಬೀಡಿ ಹಚ್ಚುತ್ತಿದ್ದನಂತೆ. ಅವನನ್ನೂ ತಪ್ಪೆನ್ನುವ ಹಾಗಿಲ್ಲ. ಸಾಹುಕಾರರು ಯಾವ ಊರಿನ ಹೆಸರು ಮೊದಲು ಕೂಗುತ್ತಾರೋ ಅದನ್ನು ಅವನು ಮೊದಲು ಹೊರುತ್ತಾನೆ, ಅಷ್ಟೆ.

ಹೀಗಾಗಿ ಆಂಜನೇಯನ ಸಿಟ್ಟೆಲ್ಲ ಬೆಳುಗುಪ್ಪದ ಬಜಾರಿನಲ್ಲಿ ಹೊರಬೀಳುತ್ತಿತ್ತು. ಅಲ್ಲಿನ ಅಂಗಡಿಯ ಯಜಮಾನ ಸಣ್ಣಬಸಪ್ಪನವರು ಎಂಬತ್ತು ದಾಟಿದ ಅಜ್ಜ, ಕಿವಿ ಮಂದ. ಊರಿನವರು ಅವರ ಹತ್ತಿರ ಒಂದು ಮಾತನ್ನು ಮೂರು ಸಲ ಕೂಗಿ ಹೇಳುತ್ತಿದ್ದರು. ಅಜ್ಜ ಅಂಗಡಿ ಕಟ್ಟೆಯ ಮೇಲೆ ಕೂತಿರುತ್ತಿದ್ದರು, ಇವನು ಗಾಡಿಯ ಹಿಂದೆ ನಿಂತು ಸಾಮಾನು ಇಳಿಸುತ್ತ ಬಾಯಿಗೆ ಬಂದಿದ್ದನ್ನೆಲ್ಲ ಬೈಯುತ್ತಿದ್ದ. ಕೆಟ್ಟ ಮಾತಲ್ಲ, ಹಾಗೆ ನಾನು ಬೆಳೆಸಿಲ್ಲ. ಈ ಮುದುಕನ ಕೊಳಗ ಹಿಡಿದು ಹಿಡಿದು ನನ್ನ ಸೊಂಟ ಬಿತ್ತು, ಈತನ ಅಂಗಡಿಗೆ ಗಿರಾಕಿಗಳೆಲ್ಲ ತೂತು ಬಿದ್ದ ಪಾತ್ರೆ ವಾಪಸ್ ತರಲಿ, ಈ ಹಂಡೆಯಲ್ಲಿ ನೀರು ಯಾವತ್ತೂ ಕಾಯದಿರಲಿ, ಹೀಗೆ. ಅಜ್ಜ ಅತ್ತಲಿಂದ ಮುಗುಳ್ನಕ್ಕು ಕೈ ಬೀಸುತ್ತಿದ್ದರಂತೆ. ಇವನೂ ಕೈ ಬೀಸುತ್ತಿದ್ದನಂತೆ.

ಲೋಡಿನ ಹುಚ್ಚು ಅವನ ತಲೆಗೆ ಎಷ್ಟು ಏರಿತ್ತು ಎಂದರೆ ಮನೆಯಲ್ಲಿಯೂ ಅದೇ. ಟ್ರಿಪ್ಪು ಮುಗಿಸಿ ನನ್ನ ಹೋಟೆಲಿಗೆ ಬಂದವನು ಚಹಾ ಕುಡಿಯುವ ಮೊದಲು ತಟ್ಟೆಗಳನ್ನು ಎತ್ತಿಡುತ್ತಿದ್ದ. ಬೆಳಗ್ಗೆ ಬೇಕಾಗೋದು ಮುಂದಿರಲಿ, ಮಧ್ಯಾಹ್ನದ್ದು ಹಿಂದಿರಲಿ ಎಂದು ನನಗೇ ಪಾಠ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಎಲೆಯ ಕಡೆ ನೋಡುವುದಿಲ್ಲ, ಸಾಂಬಾರಿನ ಬಕೆಟ್ಟು ಎಲ್ಲಿಟ್ಟಿದ್ದಾರೆ ಎಂದು ಕಣ್ಣು ಹಾಯಿಸುತ್ತಾನೆ. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು, ಆದರೆ ಒಂದು ಮಾತು ಹೇಳಬೇಕು. ಎಂಟು ವರ್ಷದಲ್ಲಿ ಅವನ ಗಾಡಿಯಿಂದ ಇಳಿದ ಒಂದು ಪಾತ್ರೆಗೂ ನೆಗ್ಗು ಬಿದ್ದಿಲ್ಲ.

ಮದುವೆಯ ಮಾತಿಗೆ ಬರುತ್ತೇನೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಒಳ್ಳೆಯ ದಿನ ಬೇಕು, ಒಳ್ಳೆಯ ದಿನ ಬರುವುದು ಮದುವೆ ಸೀಸನ್ನಿನಲ್ಲಿ, ಮದುವೆ ಸೀಸನ್ನು ಅಂದರೆ ಪಾತ್ರೆ ಅಂಗಡಿಯವರಿಗೆ ಉಸಿರಾಡಲು ಬಿಡುವಿಲ್ಲ. ರಜೆ ಕೇಳಿದರೆ ಉಜ್ಜಿನಪ್ಪನವರು ಇಲ್ಲ ಎನ್ನುವವರಲ್ಲ, ಇವನೇ ಕೇಳುವವನಲ್ಲ. ತನ್ನ ಗಾಡಿಗೆ ಬೇರೆಯವನು ಕೈ ಹಚ್ಚಿದರೆ ಇವನಿಗೆ ಜ್ವರ ಬರುತ್ತದೆ. ಹೇಗೂ ಗಾಡಿ ನಮ್ಮ ಕಡೆಗೇ ಬರುತ್ತೈತಲ್ಲ, ಹೋಗ್ತಾ ಹೆಣ್ಣು ನೋಡ್ಕೊಂಡು ಹೋಗಾನ ಎನ್ನುತ್ತಿದ್ದ. ಹೆಣ್ಣು ನೋಡುವುದು ಅಂದರೆ ಗಾಡಿಗೆ ಗಾಳಿ ಹೊಡೆಸಿದಂತೆ ಅಂದುಕೊಂಡಿದ್ದ, ಪುಣ್ಯಾತ್ಮ.

ಮೊದಲನೆಯ ಸಲ ನಮ್ಮ ಪಕ್ಕದ ರತ್ನಗಿರಿಯಲ್ಲಿ. ಹುಡುಗಿಯ ಮನೆಯವರು ಉಪ್ಪಿಟ್ಟು ಕೇಸರಿಬಾತು ಮಾಡಿ ಕಾದರು. ನಾಚಿಕೆಗೆ ಏನು ಮಾಡಬೇಕೆಂದು ತಿಳಿಯದೆ ನಾನೇ ಮೂರು ಸಲ ಹಾಕಿಸಿಕೊಂಡು ತಿಂದೆ. ಇವನು ಬಂದಾಗ ದೀಪ ಹಚ್ಚಿದ್ದರು, ಶರ್ಟಿಗೆಲ್ಲ ಗ್ರೀಸು. ಹುಡುಗಿ ಒಳಗಿನಿಂದ ಹೊರಗೆ ಬರಲೇ ಇಲ್ಲ. ಎರಡನೆಯ ಸಲ ಮಡಕಶಿರಾದಲ್ಲಿ. ಅವರು ಕಾಯುವಷ್ಟು ಕಾದು, ಬಾಗಿಲು ಹಾಕಿಕೊಂಡು ನೆಂಟರ ಮನೆಗೆ ಹೋದರು. ನಾನು ಅವರ ಜಗಲಿಯ ಮೇಲೆ ಹೂವು ಹಣ್ಣಿನ ತಟ್ಟೆ ಹಿಡಿದುಕೊಂಡು ಕೂತಿದ್ದೆ. ಆವತ್ತು ಮನೆಗೆ ಬಂದು ಅತ್ತೆ. ಅವನು ಬೆಳುಗುಪ್ಪದ ಕೊಳಗಗಳ ಮೇಲೆ ಆಣೆ ಇಟ್ಟು ತಪ್ಪು ತನ್ನದಲ್ಲ ಎಂದ.

ಮೂರನೆಯ ಸಂಬಂಧ ಅಗಳಿಯಿಂದ ಬಂತು. ಹುಡುಗಿಯ ಹೆಸರು ಲಲಿತಾ, ಮೂವತ್ತು ದಾಟಿತ್ತು. ತಂದೆ ತಾಯಿ ಇಲ್ಲ, ಸೋದರಮಾವ ಶ್ರೀನಿವಾಸ್ ಅವರ ಮನೆಯಲ್ಲಿ ಬೆಳೆದವಳು. ಬ್ಲೌಸು, ಲಂಗ ಹೊಲಿದು ತನ್ನ ಕಾಲ ಮೇಲೆ ನಿಂತಿದ್ದಳು. ಶ್ರೀನಿವಾಸ್ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು. ನಿಮ್ಮ ಹುಡುಗನ ಸುದ್ದಿ ನಮಗೂ ಗೊತ್ತು, ಮೂರು ಗಂಟೆ ಬಸ್ಸಿಗೆ ನಾನು ಹಿಂದೂಪುರಕ್ಕೆ ಹೋಗಬೇಕು, ಅಷ್ಟರೊಳಗೆ ಬಂದರೆ ಮಾತು, ಬರದಿದ್ದರೆ ಶಿರಾ ಕಡೆಯವರೊಬ್ಬರು ಕೇಳಿದ್ದಾರೆ, ಅವರಿಗೆ ಹೂಂ ಅನ್ನುತ್ತೇವೆ ಎಂದರು.

ಅವಳ ಫೋಟೋ ನನ್ನ ಫೋನಿಗೆ ಬಂತು. ಆಂಜನೇಯ ನೋಡಿದ. ಮತ್ತೆ ನೋಡಿದ. ಫೋನು ನನ್ನ ಕೈಗೆ ಕೊಟ್ಟು, ಸ್ವಲ್ಪ ಹೊತ್ತಾದ ಮೇಲೆ ನೀರು ಕುಡಿಯುವ ನೆಪದಲ್ಲಿ ಬಂದು ಮತ್ತೆ ಇಸಕೊಂಡು ನೋಡಿದ. ಆ ದಿನ ಯಾರಿಗೂ ಬೈಯಲಿಲ್ಲ, ನನ್ನ ತಟ್ಟೆಗಳನ್ನು ಮುಟ್ಟಲಿಲ್ಲ. ಮಾರನೆಯ ದಿನ ಮಡಕಶಿರಾದಿಂದ ಹೊಸ ಶರ್ಟು ತಂದ. ಅದನ್ನು ನೋಡಿದ ಮೇಲೆ, ಈ ಸಲ ತಪ್ಪಿದರೆ ಇವನು ಇನ್ನು ಮದುವೆಯ ಮಾತೇ ಎತ್ತುವುದಿಲ್ಲ ಎಂದು ನನಗೆ ಅನ್ನಿಸಿಬಿಟ್ಟಿತು.

ಹೋಟೆಲಿನ ಬಾಗಿಲು ಹಾಕಿ ಹೆಣ್ಣು ನೋಡುವ ಹಿಂದಿನ ದಿನವೇ ನಾನು ರಾಯದುರ್ಗಕ್ಕೆ ಹೊರಟೆ. ಲೋಡು ನನ್ನ ಕಣ್ಣೆದುರಿಗೆ ಆಗಬೇಕು, ಬೆಳುಗುಪ್ಪದ್ದು ಕಡೆಗೆ ಏರಬೇಕು, ಬೆಳಗ್ಗೆ ನಾನೂ ಅದೇ ಗಾಡಿಯಲ್ಲಿ ಕೂತು ಅಗಳಿಗೆ ಇಳಿಯಬೇಕು, ಇದು ನನ್ನ ಪ್ಲಾನು. ಸಂಜೆ ಗೋಡೌನಿಗೆ ಹೋದಾಗ ಉಜ್ಜಿನಪ್ಪನವರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗದ್ದಿಗೆಯ ಮೇಲೆ ಕೂತಿದ್ದರು. ನನ್ನನ್ನು ಕಂಡು, ಬರ್ರಿ ತಂಗಿ ಎಂದು ಕುರ್ಚಿ ಹಾಕಿಸಿದರು. ಅಷ್ಟರಲ್ಲಿ ಲೋಡಿನ ಹೊತ್ತಾಯಿತು. ಅವರು ಎದ್ದು ಬಂದು ಒಂದು ದೊಡ್ಡ ಕೊಳಗಕ್ಕೆ ಚಿಟಿಕೆ ವಿಭೂತಿ ಹಚ್ಚಿ, ಬೆಳುಗುಪ್ಪ ಎಂದು ಕೂಗಿದರು. ಯರ್ರಪ್ಪ ಅದನ್ನು ಹೊತ್ತು ಗಾಡಿಯ ಒಳಕ್ಕೆ ನಡೆದ.

ನಾನು ಗಾಡಿಯ ಬಾಗಿಲಿಗೆ ಅಡ್ಡ ನಿಂತೆ. ಹಮಾಲಿಗಳೆಲ್ಲ ಹಾಗೇ ನಿಂತರು. ಆಂಜನೇಯ ಅಕ್ಕಾ ಬ್ಯಾಡ ಎನ್ನುತ್ತಿದ್ದ, ನಾನು ಕೇಳಲಿಲ್ಲ. ರತ್ನಗಿರಿಯ ಕೇಸರಿಬಾತಿನಿಂದ ಹಿಡಿದು ಮಡಕಶಿರಾದ ಜಗಲಿಯವರೆಗೆ ಎಲ್ಲ ಒಂದೇ ಉಸಿರಿಗೆ ಹೇಳಿ, ಇದು ಯಾವ ಸೀಮೆ ಪದ್ಧತಿ ಸಾಹುಕಾರ್ರೇ ಎಂದು ಕೇಳಿದೆ. ಉಜ್ಜಿನಪ್ಪನವರಿಗೆ ಸಿಟ್ಟು ಬರಲಿಲ್ಲ. ಅವರು ತಣ್ಣಗೆ ಕೂರಿಸಿಕೊಂಡು ಹೇಳಿದರು. ಅವರ ಅಪ್ಪ ಹಿಂದೆ ಎತ್ತಿನ ಗಾಡಿಯಲ್ಲಿ ಪಾತ್ರೆ ಹೇರಿಕೊಂಡು ಊರೂರು ತಿರುಗುವಾಗ ಯಾರೂ ಕೊಳ್ಳದೆ ಕಂಗಾಲಾಗಿದ್ದರಂತೆ. ಬೆಳುಗುಪ್ಪದಲ್ಲಿ ಸಣ್ಣಬಸಪ್ಪನವರು, ಆಗಿನ್ನೂ ಮೀಸೆ ಬರುತ್ತಿದ್ದ ಹುಡುಗ, ಇಡೀ ಗಾಡಿಯನ್ನೇ ಇಳಿಸಿಕೊಂಡರಂತೆ. ಅಂದಿನಿಂದ ಈ ಮನೆಯಿಂದ ಯಾವ ಗಾಡಿ ಹೊರಟರೂ ಮೊದಲ ಮರ್ಯಾದೆ ಬೆಳುಗುಪ್ಪಕ್ಕೆ.

"ಅವರ ಸಾಮಾನು ಕಡೀಗೆ ಏರಿಸಿದ್ವಿ ಅಂತ ಸುದ್ದಿ ಮುಟ್ಟಿದ್ರ ಆ ಹಿರಿ ಜೀವ ಎಷ್ಟು ನೊಂದ್ಕೊಳ್ಳಾಕಿಲ್ಲ ತಂಗಿ? ಆ ಪಾಪ ನಾನು ಹೊರಲಾರೆ," ಎಂದರು.

ಇದಕ್ಕೆ ಏನು ಹೇಳುತ್ತೀರಿ? ಕೆಟ್ಟವರಾಗಿದ್ದರೆ ಜಗಳ ಆಡಬಹುದಿತ್ತು. ಆ ರಾತ್ರಿ ನನಗೆ ಅವರ ಮನೆಯಲ್ಲೇ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಅವರ ಮನೆಯವರು ಪಂಪಮ್ಮ ಹೊದೆಯಲು ಹೊಸ ಚಾದರ ಕೊಟ್ಟರು. ನಾಳೆ ಒಳ್ಳೇದಾಗತೈತಿ, ಮಲಗ್ರಿ ಎಂದರು. ನಾನು ಕಣ್ಣು ಬಿಟ್ಟುಕೊಂಡೇ ಮಲಗಿದ್ದೆ. ಅಲ್ಲಿ ಗೋಡೌನಿನ ಮುಂದೆ ಬೆಳುಗುಪ್ಪದ ಕೊಳಗಗಳು ಗಾಡಿಯ ತಳದಲ್ಲಿ ಹಾಯಾಗಿದ್ದವು.

ಬೆಳಗ್ಗೆ ರೇಷ್ಮೆ ಸೀರೆ ಉಟ್ಟು, ಹೂವು ಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಗಾಡಿ ಹತ್ತಿದೆ. ಆಂಜನೇಯ ಹೊಸ ಶರ್ಟನ್ನು ಮಡಿಚಿ ಸೀಟಿನ ಹಿಂದೆ ಇಟ್ಟಿದ್ದ, ಮೈ ಮೇಲೆ ಹಳೆಯದು. ಬೆಳುಗುಪ್ಪ ಮುಟ್ಟಿದಾಗ ಬಜಾರಿನಲ್ಲಿ ಆಗಷ್ಟೇ ನೀರು ಚಿಮುಕಿಸುತ್ತಿದ್ದರು. ಸಣ್ಣಬಸಪ್ಪಜ್ಜ ಕಟ್ಟೆಯ ಮೇಲೆ ಕೂತಿದ್ದರು, ಬಿಳಿ ಮೀಸೆ, ಕೈಯಲ್ಲಿ ಕೋಲು. ಇವನು ಹಗ್ಗ ಬಿಚ್ಚಿದ, ತಾಡಪಾಲು ಎಳೆದ, ಕುರ್ಚಿ ಇಳಿಸಲು ಶುರು ಮಾಡಿದ. ಒಂದೊಂದು ಕುರ್ಚಿಗೂ ಒಂದೊಂದು ಬೈಗುಳ. ಇವತ್ತು ಬೈಗುಳದಲ್ಲಿ ಅಳು ಬೆರೆತಿತ್ತು, ಅಕ್ಕ ನಾನು, ನನಗೆ ಗೊತ್ತಾಗುತ್ತದೆ.

ನನಗೆ ತಡೆಯಲಾಗಲಿಲ್ಲ. ಇಳಿದು ನೇರ ಅಜ್ಜನ ಹತ್ತಿರ ಹೋದೆ. ಕಿವಿಯ ಹತ್ತಿರ ಬಗ್ಗಿ, ಇಡೀ ಬಜಾರಿಗೆ ಕೇಳುವ ಹಾಗೆ, ಅಜ್ಜಾ, ನಿಮ್ಮ ಮರ್ಯಾದೆಯಿಂದ ನನ್ನ ತಮ್ಮನ ಮದುವೆ ಕೆಡುತ್ತಾ ಐತೆ ಎಂದು ಕೂಗಿದೆ.

ಅಜ್ಜ ಕಿವಿ ಮುಚ್ಚಿಕೊಂಡರು. "ಮೆಲ್ಲಕ ಮಾತಾಡವ್ವ. ನನಗ ಚಲೋ ಕೇಳಸ್ತೈತಿ," ಎಂದರು.

ಅಂಗಡಿಯ ಮುಂದೆ ನೀರು ಹಾಕುತ್ತಿದ್ದ ಹೆಂಗಸು ಬಕೆಟ್ಟು ಹಿಡಿದುಕೊಂಡೇ ನಿಂತಳು. ಅಜ್ಜ ನಿಧಾನವಾಗಿ ವಿವರ ಹೇಳಿದರು. ಯಾವ ಕಾಲದಲ್ಲೋ ಒಮ್ಮೆ ಕಿವಿಯಲ್ಲಿ ಕುರು ಆಗಿತ್ತಂತೆ. ಜನ ಕೂಗಿ ಮಾತಾಡುವುದನ್ನು ರೂಢಿ ಮಾಡಿಕೊಂಡರಂತೆ. ಕುರು ವಾಸಿಯಾಯಿತು, ಜನರ ರೂಢಿ ವಾಸಿಯಾಗಲಿಲ್ಲ. ಕೇಳಿಸುವುದಿಲ್ಲ ಎಂದುಕೊಂಡವರು ಎದುರಿಗೇ ನಿಂತು ಏನೇನೋ ಮಾತಾಡುತ್ತಾರೆ, ಕೂತಲ್ಲೇ ಹೊತ್ತು ಹೋಗುತ್ತದೆ, ಹೀಗಾಗಿ ಅವರೂ ಸುಮ್ಮನಿದ್ದುಬಿಟ್ಟರಂತೆ. ಸೊಸೆಯಂದಿರ ಜಗಳವೆಲ್ಲ ಅವರಿಗೆ ಬಾಯಿಪಾಠ.

ನಾನು ತಿರುಗಿ ಗಾಡಿಯ ಕಡೆ ನೋಡಿದೆ. ಆಂಜನೇಯ ಕೆಂಪು ಕುರ್ಚಿಯೊಂದನ್ನು ತಲೆಯ ಮೇಲೆ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದ.

"ತೂತು ಬಿದ್ದ ಪಾತ್ರಿ ವಾಪಸ್ ಬರ್ಲಿ ಅಂದಿದ್ದಿ. ಒಂದೂ ಬರ್ಲಿಲ್ಲ ನೋಡಪಾ," ಎಂದರು ಅಜ್ಜ ಅವನಿಗೆ. ಹಂಡೆಯ ಬೈಗುಳ ಅವರಿಗೆ ಎಲ್ಲಕ್ಕಿಂತ ಸೇರಿತ್ತಂತೆ. ಅದನ್ನು ಕಲಿತುಕೊಂಡು ತಾವೂ ಒಬ್ಬರಿಗೆ ಬೈದಿದ್ದರಂತೆ. ಇವನು ಕುರ್ಚಿ ಇಳಿಸಿ ಬಂದು ಅವರ ಕಾಲು ಹಿಡಿಯಲು ಬಗ್ಗಿದ. ಅಜ್ಜ ಕೋಲಿನಿಂದ ತಡೆದರು. ಬಜಾರಿನವರೆಲ್ಲ ನಗಲು ಶುರು ಮಾಡಿದ್ದರು, ನನಗೂ ತಡೆಯಲಾಗಲಿಲ್ಲ, ಅಷ್ಟು ಸಿಟ್ಟಿನಲ್ಲೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಕ್ಕು ಮುಗಿದ ಮೇಲೆ ಅಜ್ಜ, ಅದೇನು ಮದುವೆ, ಸರಿಯಾಗಿ ಹೇಳು ಎಂದರು. ಹೇಳಿದೆ. ಉಜ್ಜಿನಪ್ಪನವರ ಮೊದಲ ಮರ್ಯಾದೆಯ ಮಾತನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವರ ನಗು ನಿಂತಿತು. ಜೇಬಿನಿಂದ ಫೋನು ತೆಗೆದು ತಾವೇ ಗುಂಡಿ ಒತ್ತಿದರು. ಅತ್ತಲಿಂದ ಉಜ್ಜಿನಪ್ಪನವರು ಗಂಟಲು ಹರಿಯುವ ಹಾಗೆ ಶರಣ್ರೀ ಎಂದು ಕೂಗಿದ್ದು ನಮಗೆಲ್ಲ ಕೇಳಿಸಿತು.

"ನನ್ನ ಸಾಮಾನು ಮೊದ್ಲು ಏರಸ್ರಿ ಅಂತ ನಾನು ಯಾವತ್ತರ ಹೇಳೀನೇನಪಾ?" ಎಂದು ಅಜ್ಜ ಕೇಳಿದರು.

ಹೇಳಿಲ್ಲ, ಆದರೆ ಬದಲಾಯಿಸಿದರೆ ನಿಮಗೆ ಬೇಜಾರಾದೀತು ಅಂತ ಹಾಗೇ ನಡೆಸಿಕೊಂಡು ಬಂದೆವು ಎಂದರು ಉಜ್ಜಿನಪ್ಪನವರು. ಅಜ್ಜ ಹಣೆ ಹಣೆ ಚಚ್ಚಿಕೊಂಡರು. ಅವರ ಕಥೆಯೂ ಅದೇ. ಗಾಡಿ ಬಂದ ದಿನ ತಮ್ಮ ಕೊಳಗ ಕೈಗೆ ಸಿಗಲು ಮಧ್ಯಾಹ್ನವಾಗುತ್ತದೆ, ಬೆಳಗಿನ ಗಿರಾಕಿಗಳೆಲ್ಲ ಎದುರಿನ ಅಂಗಡಿಗೆ ಹೋಗುತ್ತಾರೆ, ಆದರೂ ಬೇಡ ಎಂದರೆ ಉಜ್ಜಿನಪ್ಪನ ಮನೆತನಕ್ಕೆ ನೋವಾದೀತು ಎಂದು ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಇಬ್ಬರು ದೊಡ್ಡ ಮನುಷ್ಯರು ಒಬ್ಬರ ಮನಸ್ಸು ಒಬ್ಬರು ಕಾಯ್ದುಕೊಂಡು ಕೂತಿದ್ದರು, ನಡುವೆ ನನ್ನ ತಮ್ಮನ ಸೊಂಟ ಬಿದ್ದುಹೋಗಿತ್ತು.

"ಇನ್ನು ಮ್ಯಾಲ ನನಗ ಏರೋದ್ರಾಗ ಮರ್ಯಾದಿ ಬ್ಯಾಡ, ಇಳಿಯೋದ್ರಾಗ ಕೊಡು," ಎಂದು ಹೇಳಿ ಅಜ್ಜ ಫೋನು ಇಟ್ಟರು.

ಸರಿ, ಮುಂದಿನ ವಾರದ ಮಾತಾಯಿತು. ಇವತ್ತಿನ ಗತಿ? ಕೊಳಗಗಳು ಇನ್ನೂ ತಳದಲ್ಲೇ ಇದ್ದವು. ಆಂಜನೇಯ ಮತ್ತೆ ಕುರ್ಚಿಗೆ ಕೈ ಹಾಕಿದ. ಅಜ್ಜ ಬೇಡ ಎಂದರು. ಈಗ ಇಳಿಸಿದ್ದನ್ನೂ ಮೇಲೆ ಏರಿಸು, ನನ್ನದು ಒಳಗೇ ಇರಲಿ, ವಾಪಸ್ ಬರುವಾಗ ಇಳಿಸುವಿಯಂತೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಹುಡುಗನ ಕಡೆಯಿಂದ ಮಾತಾಡಲು ಹಿರಿಯರು ಯಾರು ಎಂದು ಕೇಳಿದರು. ಯಾರೂ ಇಲ್ಲ, ನಾನೇ ಎಂದೆ. ಅವರು ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಇಸ್ತ್ರಿ ಮಾಡಿದ ಪಂಚೆ, ತಲೆಗೆ ರುಮಾಲು, ಹೊಸದಾಗಿ ಹಚ್ಚಿದ ವಿಭೂತಿ. ಕೋಲನ್ನು ಮೊದಲು ಕ್ಯಾಬಿನ್ನಿನೊಳಗೆ ಇಟ್ಟು, ಕೈ ಕೊಡವ್ವ ಎಂದರು. ನಮ್ಮ ಜಾತಿ ಬೇರೆ, ಬಳಗ ಬೇರೆ, ಆ ಮನುಷ್ಯ ಅದೇನನ್ನೂ ಕೇಳಲಿಲ್ಲ.

ಅಂಥ ಪ್ರಯಾಣ ನಾನು ಜನ್ಮದಲ್ಲಿ ಮಾಡಿಲ್ಲ. ಕಲ್ಯಾಣದುರ್ಗದ ಸಾಮಾನು ಸಲೀಸಾಗಿ ಇಳಿಯಿತು. ಅಜ್ಜನಿಗೆ ದಾರಿಯುದ್ದಕ್ಕೂ ಎಲ್ಲ ನೋಡಬೇಕು. ಗಾಳಿಯಂತ್ರಗಳ ರೆಕ್ಕೆ ಯಾಕೆ ನಿಂತಿದೆ ಎಂದು ಕೇಳಿದರು, ಕಡಲೆಕಾಯಿ ಹೊಲ ಕಂಡರೆ ಯಾರದ್ದು ಎಂದು ಕೇಳಿದರು, ಪಾವಗಡ ದಾಟಿದ ಮೇಲೆ ಚಹಾ ಬೇಕೆಂದರು. ನಾನು ಗಡಿಯಾರ ನೋಡಿ ಹಲ್ಲು ಕಚ್ಚಿದೆ. ಮಡಕಶಿರಾದ ಅಂಗಡಿಯವನು ಒಂದೊಂದು ಬಕೆಟ್ಟನ್ನೂ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದಾಗ ಮಾತ್ರ ಅಜ್ಜ ಅವನದೇ ಕುರ್ಚಿಯೊಂದನ್ನು ರಸ್ತೆಗೆ ಎಳೆದು ಕೂತು ತೆಲುಗಿನಲ್ಲಿ ಶುರು ಮಾಡಿದರು. ಏನು ಹೇಳಿದರೋ, ಅವನು ತಾನೇ ಓಡಾಡಿ ಇಳಿಸಿಕೊಂಡ. ಆಂಜನೇಯ ಅಲ್ಲೇ ನಲ್ಲಿಯಲ್ಲಿ ಮುಖ ತೊಳೆದು ಹೊಸ ಶರ್ಟು ಹಾಕಿದ. ಗುಂಡಿಯೆಲ್ಲ ಒಂದು ಮನೆ ತಪ್ಪಿ ಹಾಕಿಕೊಂಡಿದ್ದ, ನಾನೇ ಸರಿಮಾಡಿದೆ.

ಅಗಳಿಗೆ ಬಂದು ಅಲ್ಲಿನ ಸಾಮಾನನ್ನೂ ಇಳಿಸಿದಾಗ ಮೂರು ಇನ್ನೂ ಆಗಿರಲಿಲ್ಲ. ಶ್ರೀನಿವಾಸ್ ಅವರ ಬ್ಯಾಗು ಬಾಗಿಲ ಬಳಿ ಸಿದ್ಧವಾಗಿತ್ತು. ನಮ್ಮನ್ನು ನೋಡಿ ಅವರಿಗೆ ನಂಬಲಾಗಲಿಲ್ಲ, ನನಗೂ ಅಷ್ಟೆ. ಚಾಪೆ ಹಾಸಿದರು, ನೀರು ಕೊಟ್ಟರು. ಲಲಿತಾ ಮೈಸೂರು ಪಾಕಿನ ತಟ್ಟೆ ಹಿಡಿದು ಬಂದಳು. ತಲೆ ಬಗ್ಗಿಸಿರಲಿಲ್ಲ. ಬಂದವರನ್ನೆಲ್ಲ ನೇರ ನೋಡಿ, ಅಜ್ಜನಿಗೆ ಮೊದಲು ಕೊಟ್ಟಳು. ಎದ್ದು ಕಾಣುವ ಹುಡುಗಿ ಅಲ್ಲ, ಆದರೆ ಮುಖದಲ್ಲಿ ಒಂದು ಗಟ್ಟಿತನ ಇತ್ತು, ನೋಡಿದ ತಕ್ಷಣ ಇವಳೇ ಬೇಕು ಎಂದು ನನಗೆ ಅನ್ನಿಸಿತು. ಆಂಜನೇಯ ತಟ್ಟೆಯಿಂದ ತೆಗೆದುಕೊಳ್ಳುವುದನ್ನೇ ಮರೆತು ಕೂತ.

ಶ್ರೀನಿವಾಸ್ ಸುತ್ತಿ ಬಳಸಲಿಲ್ಲ. ಹುಡುಗ ಒಳ್ಳೆಯವನು ಅಂತ ವಿಚಾರಿಸಿದ್ದೇನೆ, ಆದರೆ ವಾರವೆಲ್ಲ ರಸ್ತೆಯ ಮೇಲಿರುವ ಮನುಷ್ಯ, ಹೇಳಿದ ಹೊತ್ತಿಗೆ ಬರುವವನಲ್ಲ, ಮೇಲೆ ಬಾಯಿ ಜೋರು ಅಂತಾರೆ, ತಾಯಿ ಇಲ್ಲದ ಹುಡುಗಿಯನ್ನು ಯಾವ ಧೈರ್ಯದ ಮೇಲೆ ಕೊಡಲಿ ಎಂದರು. ಕೇಳಬೇಕಾದ ಮಾತನ್ನೇ ಕೇಳಿದರು. ಹೋಟೆಲಿನಲ್ಲಿ ಇಡೀ ಊರಿಗೆ ಜವಾಬು ಕೊಡುವ ನಾನು ಹೂವು ಹಣ್ಣಿನ ಚೀಲ ಬಿಚ್ಚಿ ಕಟ್ಟುತ್ತ ಕೂತೆ.

ಅಜ್ಜ ಕೋಲನ್ನು ಮಗ್ಗುಲಿಗೆ ಇಟ್ಟರು. "ಬಾಯಿ ಜೋರು ಅನ್ನೋದು ಖರೆ," ಎಂದರು. "ಎಂಟು ವರ್ಷ ನನ್ನ ಅಂಗಡಿ ಮುಂದ ನಿಂತು ನನ್ನನ್ನೇ ಬೈದಾನ. ನಾನು ಎಲ್ಲ ಕೇಳೀನಿ. ಮೊದ್ಲು ಇಳೀಬೇಕಾದ ನನ್ನ ಸಾಮಾನು ತಳದಾಗ ಇರ್ತಿತ್ತು, ಬೈಕೋಂತ ಬೈಕೋಂತ ಇಡೀ ಗಾಡಿ ಇಳಿಸಾಂವ, ಅದನ್ನ ಕೂಸಿನ್ಹಂಗ ಎತ್ತಿ ತಂದು ಇಡಾಂವ. ಒಂದು ನೆಗ್ಗು ಇಲ್ಲ. ಕಿವಿ ಕೇಳದ ಮುದುಕ ಅಂತ ಒಂದು ಸಣ್ಣ ಬಟ್ಟಲಕ್ಕೂ ಮೋಸ ಮಾಡ್ಲಿಲ್ಲ. ಯಾರೂ ನೋಡದಾಗ ಮನುಷ್ಯ ಹೆಂಗಿರ್ತಾನ ಅಂತ ನೋಡೋ ಭಾಗ್ಯ ನನಗ ಸಿಕ್ಕಿತ್ತು. ನನ್ನ ಮೊಮ್ಮಗಳು ಇದ್ದಿದ್ರ ನಾನು ಕೊಡ್ತಿದ್ದೆ."

ಆಂಜನೇಯ ನೆಲ ನೋಡುತ್ತಿದ್ದ, ಕಿವಿ ಕೆಂಪಾಗಿತ್ತು. ಹಿಂದೂಪುರದ ಬಸ್ಸು ಹಾರನ್ ಹೊಡೆದುಕೊಂಡು ಮುಂದಿನ ರಸ್ತೆಯಲ್ಲಿ ಹಾದುಹೋಯಿತು. ಶ್ರೀನಿವಾಸ್ ಏಳಲಿಲ್ಲ. ಲಲಿತಾಳ ಕಡೆ ತಿರುಗಿ, ನೀನೇನಾದರೂ ಕೇಳುವುದಿದೆಯೇನಮ್ಮ ಎಂದರು.

ಅವಳು ಗೋಡೆಗೆ ಒರಗಿ ನಿಂತಿದ್ದಳು. ನೇರ ಆಂಜನೇಯನನ್ನೇ ಕೇಳಿದಳು. "ಇವತ್ತೂ ಬೈದ್ರಾ?"

"ಅರ್ಧ ಬೈದಿದ್ದೆ," ಎಂದ ಇವನು. "ಅಷ್ಟರಲ್ಲಿ ಅಜ್ಜಾರಿಗೆ ಕೇಳಿಸ್ತೈತೆ ಅಂತ ಗೊತ್ತಾಯ್ತು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಭುಜ ಅಲುಗಾಡುತ್ತಿತ್ತು. ಆಮೇಲೆ ಕಣ್ಣು ಒರೆಸಿಕೊಂಡು, ಬಾಗಿಲ ಹೊರಗೆ ನಿಂತಿದ್ದ ಗಾಡಿಯನ್ನು ಒಂದು ಸಲ ನೋಡಿದಳು. ಹಿಂಬಾಗಿಲು ತೆರೆದಿತ್ತು. ಒಳಗೆ ದೂರದಲ್ಲಿ ಕ್ಯಾಬಿನ್ನಿಗೆ ಅಂಟಿಕೊಂಡ ಕೊಳಗಗಳು ಬಿಸಿಲಿಗೆ ಹೊಳೆಯುತ್ತಿದ್ದವು.

"ನನ್ನ ಹೊಲಿಗೆ ಮಿಷನ್ನು ಕಡೆಗೆ ಏರಿಸ್ಬೇಕು," ಎಂದಳು. "ಮಂಚ, ಬೀರು ಏನಾದ್ರೂ ತಳಕ್ಕೆ ಹಾಕ್ಕೊಳ್ಳಿ. ಮಿಷನ್ನು ಮಾತ್ರ ರೊಳ್ಳಕ್ಕೆ ಹೋದ ತಕ್ಷಣ ಇಳೀಬೇಕು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಶ್ರೀನಿವಾಸ್ ಅವರಿಗೂ ಅಷ್ಟೆ. ನನ್ನ ತಮ್ಮನಿಗೆ ಮಾತ್ರ ಕೂಡಲೇ ಅರ್ಥವಾಯಿತು. ಅವನು ಆ ಮನೆಗೆ ಬಂದ ಮೇಲೆ ಮೊದಲ ಸಲ ತಲೆ ಎತ್ತಿ, "ಬಾಗಿಲ ಹತ್ರಾನೇ ಇಡ್ತೀನಿ, ಸುತ್ತ ಚಾದರ ಕಟ್ಟಿ," ಎಂದ. ನಾನು ಎಲ್ಲರ ಎದುರಿಗೇ ಅತ್ತುಬಿಟ್ಟೆ. ಶ್ರೀನಿವಾಸ್ ಬಾಗಿಲ ಬಳಿಯ ಬ್ಯಾಗನ್ನು ಎತ್ತಿ ಒಳಗಿಟ್ಟು, ಎಲ್ಲರಿಗೂ ಅನ್ನಕ್ಕೆ ಇಡು ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು.